ಮೆಣಸಿನ ಉಂಗುರ, ಬೂದಿಯ ನೀರು

ಶಿರ್ತಾಡಿಯ ತೋಟಗಳಲ್ಲಿ ಅಡಿಕೆ ಮರವನ್ನು ತಬ್ಬಿ ಏರುವ ಕಾಳುಮೆಣಸಿನ ಬಳ್ಳಿಯನ್ನು ನೋಡದ ಮಕ್ಕಳಿಲ್ಲ. ಮರ, ಬಳ್ಳಿ ಎರಡೂ ಒಂದೇ ಬಗೆಯ ರಸಾಯನ ವಿದ್ಯೆಯನ್ನು ಬಲ್ಲವು ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು. ಮೆಣಸಿಗೆ ಖಾರ ಕೊಡುವ ಪೈಪರೀನ್, ಅಡಿಕೆಯಲ್ಲಿರುವ ಅರೆಕೋಲಿನ್ ಇವೆರಡರ ಅಣುವಿನಲ್ಲೂ ಐದು ಇಂಗಾಲ ಮತ್ತು ಒಂದು ಸಾರಜನಕ ಪರಮಾಣು ಕೈಕೈ ಹಿಡಿದು ನಿಂತ ಉಂಗುರವಿದೆ.

ವಿದ್ಯುತ್ತಿಗೂ ಕಾಂತತ್ವಕ್ಕೂ ಇರುವ ನಂಟನ್ನು ತೋರಿಸಿದ ಡೆನ್ಮಾರ್ಕಿನ ಓರ್ಸ್ಟೆಡ್, ಅದಕ್ಕೂ ಮುನ್ನ 1819ರಲ್ಲಿ ಮೆಣಸಿನಿಂದ ಪೈಪರೀನನ್ನು ಬೇರ್ಪಡಿಸಿದ್ದರು. ಅದರ ಉಂಗುರಕ್ಕೆ ಪೈಪರಿಡಿನ್ ಎಂಬ ಹೆಸರು ಬಂತು. ಅಮೆರಿಕದಲ್ಲಿ ಮಾನ್ಯತೆ ಪಡೆದ ಸಣ್ಣ ಅಣುವಿನ ಔಷಧಗಳನ್ನು 2014ರಲ್ಲಿ ಎಣಿಸಿದಾಗ ಶೇಕಡಾ 59ರಲ್ಲಿ ಸಾರಜನಕದ ಉಂಗುರಗಳಿದ್ದವು. ಅವುಗಳಲ್ಲಿ ಮೊದಲ ಸ್ಥಾನ ಪೈಪರಿಡಿನ್‌ಗೇ.

ಬಳ್ಳಿ ಈ ಉಂಗುರವನ್ನು ಬಿಸಿಲು, ಗಾಳಿ, ನೀರು, ಮಣ್ಣಿನ ಸತ್ವದಿಂದಲೇ ಕಟ್ಟುತ್ತದೆ. ಕಾರ್ಖಾನೆಗೆ ದ್ರಾವಕ ಬೇಕು, ಶಾಖ ಬೇಕು, ಕ್ರಿಯಾವರ್ಧಕ ಬೇಕು. ಒಂದು ಕಿಲೋ ಔಷಧ ತಯಾರಾಗುವಾಗ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ತ್ಯಾಜ್ಯ ಉಳಿಯುತ್ತದೆಂದು ರೋಜರ್ ಶೆಲ್ಡನ್ 1992ರಲ್ಲಿ ಲೆಕ್ಕ ಕೊಟ್ಟರು. ಅದರಲ್ಲಿ ಬಹುಪಾಲು ದ್ರಾವಕವೇ. ರೋಗ ವಾಸಿಮಾಡುವ ಗುಳಿಗೆ ಹೊಳೆಯ ನೀರನ್ನು ಕೆಡಿಸುವಂತಾದರೆ ಲಾಭವೇನು?

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಹಸಿರು ರಸಾಯನಶಾಸ್ತ್ರ. ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಅದರ 12 ಸೂತ್ರಗಳನ್ನು ಮುಂದಿಟ್ಟರು. ಕಸವನ್ನು ಆಮೇಲೆ ಗುಡಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಲೇಸು ಎಂಬುದು ಮೊದಲ ಸೂತ್ರ.

ನಮ್ಮ ರಾಜ್ಯದಲ್ಲೂ ಈ ದಾರಿಯ ಪ್ರಯೋಗಗಳಾಗಿವೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸಂಶೋಧಕರು ನಿಂಬೆ, ಕಲ್ಲಂಗಡಿಯಂಥ ಹಣ್ಣುಗಳ ಸಿಪ್ಪೆಯನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ಆ ತಿಳಿಯನ್ನೇ ಉಂಗುರ ಸಂಯುಕ್ತಗಳ ತಯಾರಿಗೆ ಕ್ರಿಯಾವರ್ಧಕವಾಗಿ ಬಳಸಿದ್ದಾರೆ. ಶಾಖಕ್ಕೆ ಮೈಕ್ರೋವೇವ್ ಒಲೆ. ಗುಟ್ಟು ಸರಳ: ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಅದು ಕ್ಷಾರ. ಅಜ್ಜಿಯರ ಕಾಲದಲ್ಲಿ ಬಟ್ಟೆಯ ಕೊಳೆ ತೆಗೆಯುತ್ತಿದ್ದುದೂ ಬೂದಿ ನೀರಿನ ಈ ಗುಣವೇ.

ಆದರೆ ಬೂದಿ ಬಳಸಿದ ಮಾತ್ರಕ್ಕೆ ಎಲ್ಲವೂ ಹಸಿರಾಗದು. ಕೊನೆಯಲ್ಲಿ ವಸ್ತುವನ್ನು ಶುದ್ಧಗೊಳಿಸಲು ಲೀಟರುಗಟ್ಟಲೆ ದ್ರಾವಕ ಸುರಿದರೆ ಉಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಬೂದಿಯ ಗುಣವೂ ಒಂದೊಂದು ಸಲ ಒಂದೊಂದು ತೆರ. ಹಾಗಾಗಿ ತೂಕ, ಅಳತೆ, ಲೆಕ್ಕ ತಪ್ಪದು.

ಪ್ರಯೋಗಶಾಲೆಯಲ್ಲಿ ಮಕ್ಕಳು ಕೈಗೆ ಬಂದ ಉತ್ಪನ್ನವನ್ನು ತೂಗಿ ಅಂಕ ಪಡೆಯುತ್ತಾರೆ. ತೊಟ್ಟಿಗೆ ಸುರಿದದ್ದನ್ನೂ ಒಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ, ಹಸಿರು ರಸಾಯನದ ಮೊದಲ ಪಾಠ ಅಲ್ಲೇ ಆದಂತೆ.