ಸಭಾಧ್ಯಕ್ಷರ ದಂಡವೂ ಮತದಾರರ ಪೀಠವೂ

ಸದಸ್ಯರು ಎದ್ದು ನಿಂತು ಅಡ್ಡಮಾತನಾಡುವುದು, ಅಧ್ಯಕ್ಷರು ಗಂಟೆ ಬಾರಿಸುವುದು, ಕಟ್ಟಕಡೆಗೆ ಕಾವಲಿನವರನ್ನು ಕರೆಯಿಸಿ ಸದಸ್ಯರನ್ನು ಹೊರಗೆ ಹಾಕಿಸುವುದು—ನಗರಸಭೆ ಮೊದಲುಗೊಂಡು ವಿಧಾನಸಭೆಯ ವರೆಗೆ ಇವು ನಮಗೆ ಪರಿಚಿತವಾದ ನೋಟಗಳಾಗಿವೆ. ಇಂಥವರನ್ನು ಹದ್ದಿನಲ್ಲಿಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಎಂಥ ದಂಡದಿಂದ, ಎಷ್ಟು ಕಾಲದ ವರೆಗೆ ಎಂಬುದೇ ವಿಚಾರಣೀಯವಾದ ಪ್ರಶ್ನೆಯು.

2025ನೆಯ ಇಸವಿಯ ಮಾರ್ಚ್ 21ರಂದು ಬೆಂಗಳೂರಿನ ವಿಧಾನಸಭೆಯಲ್ಲಿ ವಿರೋಧಪಕ್ಷದ ಕೆಲವರು ಸಭಾಧ್ಯಕ್ಷರ ಪೀಠದೆಡೆಗೆ ಏರಿಹೋಗಿ ಕಾಗದಗಳನ್ನು ತೂರಿದರು. ಅಂದೇ 18 ಮಂದಿ ಸದಸ್ಯರನ್ನು ಆರು ತಿಂಗಳು ಅಮಾನತಿನಲ್ಲಿಡಲಾಯಿತು. ಪೀಠಕ್ಕೆ ಏರಿದ ಆ ನಡತೆಯನ್ನು ನಾವು ಎಳ್ಳಷ್ಟೂ ಸಮರ್ಥಿಸಲಾರೆವು. ಆದರೆ ತಪ್ಪು ಮಾಡಿದವರು 18 ಮಂದಿ. ದಂಡ ತೆತ್ತವರೋ 18 ಕ್ಷೇತ್ರಗಳ ಜನರು! ಮೇ ತಿಂಗಳಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡದ್ದು ಒಳಿತೇ ಆಯಿತು. ಆದರೂ ಅದು ಮುಖಂಡರ ಮಾತುಕತೆಯಿಂದ ದೊರೆತ ಬಿಡುಗಡೆಯು. ಇನ್ನೊಮ್ಮೆ ಹೀಗಾಗದೆಂಬುದಕ್ಕೆ ಅದರಲ್ಲಿ ಭರವಸೆಯೇನೂ ಇಲ್ಲ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಮೂರು ವರ್ಷ ಮೊದಲೇ ದಾರಿಯನ್ನು ತೋರಿಸಿಕೊಟ್ಟಿತ್ತು. 2021ರ ಜುಲೈ 5ರಂದು ಮಹಾರಾಷ್ಟ್ರ ವಿಧಾನಸಭೆಯು 12 ಸದಸ್ಯರನ್ನು ಒಂದು ವರ್ಷದ ಮಟ್ಟಿಗೆ ಹೊರಗಿಡುವ ಠರಾವನ್ನು ಮಾಡಿತು. 2022ರ ಜನವರಿ 28ರಂದು ನ್ಯಾಯಮೂರ್ತಿಗಳು ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿ, ನಡೆಯುತ್ತಿದ್ದ ಅಧಿವೇಶನದ ಆಚೆಗೆ ಅಮಾನತು ಸಲ್ಲದೆಂದರು. ವಾದವು ಸರಳವಾದುದು. ಸದಸ್ಯನನ್ನು ಪೂರ್ತಿ ಉಚ್ಚಾಟಿಸಿದರೆ ಸ್ಥಾನವು ತೆರವಾಗಿ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆದು ಜನರಿಗೆ ಹೊಸ ಪ್ರತಿನಿಧಿ ದೊರೆಯುವನು. ವರ್ಷದ ಅಮಾನತಿನಲ್ಲಿ ಪ್ರತಿನಿಧಿಯೂ ಇಲ್ಲ, ಚುನಾವಣೆಯೂ ಇಲ್ಲ. ಉಚ್ಚಾಟನೆಗಿಂತಲೂ ಇದು ಕೇಡು.

ಲೋಕಸಭೆಯ ನಿಯಮಾವಳಿಯಲ್ಲಿಯೂ ಇದೇ ಮಿತಿಯುಂಟು. 373ನೆಯ ನಿಯಮದಂತೆ ಸಭಾಧ್ಯಕ್ಷರು ಗದ್ದಲಗಾರನನ್ನು ಆ ದಿನದ ಮಟ್ಟಿಗೆ ಹೊರಗೆ ಕಳಿಸಬಹುದು. 374ನೆಯದರಂತೆ ಹೆಸರು ಹಿಡಿದು ಕರೆದ ಬಳಿಕ ಸಭೆಯೇ ಅವನನ್ನು ಅಮಾನತು ಮಾಡಬಹುದು, ಅದೂ ಅಧಿವೇಶನದ ಉಳಿದ ದಿನಗಳಿಗೆ ಮೀರದಂತೆ. ದಿನದ ಶಿಕ್ಷೆಯನ್ನು ತಪ್ಪದೆ ನಡೆಯಿಸುವ ಅಧ್ಯಕ್ಷರಿಗೆ ತಿಂಗಳುಗಟ್ಟಲೆಯ ಶಿಕ್ಷೆಯು ಬೇಕಾಗುವುದೇ ಅಪರೂಪವೆಂದು ನಮ್ಮ ಎಣಿಕೆ.

ಗದ್ದಲವನ್ನೇ ಪೌರುಷವೆಂದು ಬಗೆಯುವ ಸದಸ್ಯರಿಗೂ ಒಂದು ಮಾತು. 1881ರಲ್ಲಿ ಪಾರ್ನೆಲ್ಲರ ಐರಿಷ್ ಪಕ್ಷದವರು ಬ್ರಿಟಿಷ್ ಕಾಮನ್ಸ್ ಸಭೆಯನ್ನು ಬೆನ್ನುಬಿಡದೆ 41 ತಾಸು ಕೂಡಿಸಿದರು. ಅವರ ನಾಡಿನ ದುಃಖವು ನಿಜವಾದುದೇ. ಆದರೆ ಸ್ಪೀಕರ್ ಬ್ರಾಂಡರು ತಮ್ಮ ಹೊಣೆಯ ಮೇಲೆಯೇ ಚರ್ಚೆಯನ್ನು ನಿಲ್ಲಿಸಿಬಿಟ್ಟರು. ಮರುದಿನ 36 ಐರಿಷ್ ಸದಸ್ಯರು ಹೊರಬಿದ್ದರು. ಮುಂದೆ ಚರ್ಚೆಗೆ ತೆರೆಯೆಳೆಯುವ ಅಧಿಕಾರವು ನಿಯಮಗಳಲ್ಲಿಯೇ ಸೇರಿಹೋಯಿತು. ಎರಡು ರಾತ್ರಿಗಳ ಹಟವು ಸರಕಾರದ ಕೈಗೆ ನಿತ್ಯದ ಆಯುಧವನ್ನು ಕೊಟ್ಟಿತು.

ಇನ್ನು ನಮ್ಮ ನಗರಸಭೆಗಳು. ವಿಧಾನಸಭೆಯಲ್ಲಿ ಆಡಿದ ಮಾತಿಗೆ ಸಂವಿಧಾನದ 194ನೆಯ ಅನುಚ್ಛೇದದ ರಕ್ಷಣೆಯುಂಟು. ಆ ಅನುಚ್ಛೇದವು ನಗರಸಭೆಯ ಸದಸ್ಯನನ್ನು ಕಾಯುವುದಿಲ್ಲ. ಆತನು ಮಾನಹಾನಿಯ ಕಾನೂನಿಗೆ ಅಂಜಿಕೊಂಡೇ ಬಾಯ್ದೆರೆಯಬೇಕು. ಅದರ ಮೇಲೆ ಅಧ್ಯಕ್ಷರೂ ತಮ್ಮ ದಂಡವನ್ನು ಮನಬಂದಂತೆ ಬೀಸಿದರೆ ಚರಂಡಿಯ ಲೆಕ್ಕವನ್ನು ಕೇಳುವವರಾರು? ಇನ್ನೊಬ್ಬನ ಮಾತು ಕೇಳಿಸದಂತೆ ಕೂಗುವವನು ಬೇರೆ, ಅಹಿತವಾದ ಪ್ರಶ್ನೆಯನ್ನು ಮೂರನೆಯ ಸಲ ಕೇಳುವವನು ಬೇರೆ. ಮೊದಲಿನವನನ್ನು ಎಚ್ಚರಿಸಿ, ಕೇಳದಿದ್ದರೆ ಅಂದಿನ ಸಭೆಯಿಂದ ಕಳಿಸತಕ್ಕದ್ದು. ಎರಡನೆಯವನಿಗೆ ಉತ್ತರವನ್ನೇ ಕೊಡತಕ್ಕದ್ದು; ಕೂಡಲೆ ಕೊಡಲಾಗದಿದ್ದರೆ ಮುಂದಿನ ಸಭೆಯೊಳಗಾಗಿ ಬರವಣಿಗೆಯಲ್ಲಿ. ಯಾರನ್ನು ಯಾವ ಮಾತಿಗಾಗಿ ಹೊರಗೆ ಕಳಿಸಲಾಯಿತೆಂಬುದನ್ನು ಸಭೆಯ ನಡವಳಿಯ ಪುಸ್ತಕದಲ್ಲಿ ಬರೆದು ಊರವರ ಕಣ್ಣಿಗೆ ಬೀಳುವಂತೆ ಇಡಬೇಕೆಂದು ನಾವು ನಾಡಿನ ಎಲ್ಲ ನಗರಸಭೆಗಳ ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇವೆ.