ನಮ್ಮವರೇ ಎಂದ ಮಾತ್ರಕ್ಕೆ ಹಾಲು ಶುದ್ಧವಾಗದು



ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ತಯಾರಿ ನಡೆದಿದೆ. ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತೇವೆ. ಆದರೆ ಆ ಹಾಲನ್ನು, ಹಬ್ಬದೂಟವನ್ನು ಯಾರು ಪರೀಕ್ಷಿಸಿದ್ದಾರೆ ಎಂದು ಕೇಳಿ ನೋಡಿ. "ಕೊಡುವವರು ನಮ್ಮವರೇ ಅಲ್ವಾ, ಸಂಶಯ ಯಾಕೆ?" ಎನ್ನುತ್ತಾರೆ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ.

2022ರ ಮೇ ತಿಂಗಳಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು. ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಆಮೇಲೆ ರಾಜ್ಯವಿಡೀ ತಪಾಸಣೆ ನಡೆಯಿತು, ಅಂಗಡಿಗಳಿಗೆ ಬೀಗ ಬಿತ್ತು. ಸಾವಿನ ನಂತರದ ತಪಾಸಣೆ ಸತ್ತವರನ್ನು ಬದುಕಿಸುವುದಿಲ್ಲ. ಆದರೂ ಮೊದಲೇ ಬರುವ ಅಧಿಕಾರಿಯನ್ನು "ಪಾಪದವರ ಹೊಟ್ಟೆಗೆ ಹೊಡೆಯುತ್ತಾರೆ" ಎಂದು ಬೈಯುವವರು ನಮ್ಮೂರಲ್ಲಿ ಕಡಿಮೆಯಿಲ್ಲ.

ಯಾವ ಪಾಪದವರು? 2011ರ ನಿಯಮಗಳಲ್ಲಿ ಸಣ್ಣ ವ್ಯಾಪಾರಿಯ ನೋಂದಣಿಗೆ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಹಾಲಿನ ಸೊಸೈಟಿಗೆ ಹಾಲು ಹಾಕುವ ಬಡ ರೈತನಿಗೆ ಕೊಬ್ಬು ಮತ್ತು ಘನಾಂಶ ಅಳೆದೇ ಬೆಲೆ ಕೊಡುತ್ತಾರೆ. ಅವನು ಅದನ್ನು ಅವಮಾನ ಎನ್ನುವುದಿಲ್ಲ. ಹಾಗಿರುವಾಗ ಸಾವಿರ ಜನರಿಗೆ ಬಡಿಸುವ ಕ್ಯಾಟರಿಂಗ್‌ನವರಿಗೆ ಯಾಕೆ ಅವಮಾನ?

ಲ್ಯಾಕ್ಟೋಮೀಟರ್ ಇದೆಯಲ್ಲ ಎನ್ನಬೇಡಿ. ಅದು ಅಳೆಯುವುದು ಸಾಂದ್ರತೆಯನ್ನು ಮಾತ್ರ. ನೀರು ಬೆರೆಸಿದ ಹಾಲಿಗೆ ಸಕ್ಕರೆಯನ್ನೋ ಯೂರಿಯಾವನ್ನೋ ಸೇರಿಸಿದರೆ ಮಾಪನ ಮತ್ತೆ ಸರಿಯೆಂದೇ ತೋರುತ್ತದೆ. ಪಿಷ್ಟ ಬೆರೆಸಿದ್ದರೆ, ಕಾಯಿಸಿ ಆರಿಸಿದ ಹಾಲು ಅಯೋಡಿನ್ ಹನಿಗೆ ನೀಲಿಯಾಗುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಉಳಿದದ್ದಕ್ಕೆ ಪ್ರಯೋಗಾಲಯವೇ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕನಿಗೂ ಇದೆ. ದೋಷ ಕಂಡುಬಂದರೆ ಆ ಶುಲ್ಕ ವಾಪಸು ಸಿಗುತ್ತದೆ.

ಕಳ್ಳ ತಕ್ಕಡಿ ಹಿಡಿದವರನ್ನು, ಗೋಧಿಯ ಕಸ ಮಾರಿದವರನ್ನು ಪ್ರವಾದಿ ಆಮೋಸನು ಖಂಡಿಸಿದ. ಅವರೇನು ಪರಕೀಯರೇ? ಹಬ್ಬ ಆಚರಿಸುತ್ತಿದ್ದ ದೇವಜನರೇ ಆಗಿದ್ದರು. ಅವನು "ನಮ್ಮವರೇ" ಎಂದು ಸುಮ್ಮನಿರಲಿಲ್ಲ.

ಆದ್ದರಿಂದ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮುಂದೆ ನಾವು ಎರಡು ಬೇಡಿಕೆ ಇಡುತ್ತಿದ್ದೇವೆ. ಒಂದು, 14 ಅಂಕಿಯ ನೋಂದಣಿ ಅಥವಾ ಲೈಸೆನ್ಸ್ ಸಂಖ್ಯೆ ತೋರಿಸದವರಿಗೆ ಚರ್ಚ್ ಸಭಾಂಗಣದಲ್ಲಿ ಅಡುಗೆಯ ಗುತ್ತಿಗೆ ಬೇಡ, ಅವರು ಯಾರ ಸಂಬಂಧಿಕರೇ ಆಗಿರಲಿ. ಎರಡು, ಹಬ್ಬಕ್ಕೆ ಹಾಲು ಕೊಡುವವರ ಹಾಲಿನ ಮಾದರಿ ಮುಂಚಿತವಾಗಿ ಪ್ರಯೋಗಾಲಯಕ್ಕೆ ಹೋಗಲಿ, ವರದಿ ನೋಟಿಸ್ ಬೋರ್ಡಿಗೆ ಬರಲಿ. ಶುಲ್ಕವನ್ನು ಯುವ ಸಂಘಟನೆಯೇ ಭರಿಸುತ್ತದೆ. ವಿರೋಧವಿದ್ದವರು ಸಭೆಗೆ ಬಂದು ಎಲ್ಲರೆದುರು ಕಾರಣ ಹೇಳಲಿ.