ಸೊಪ್ಪಿಗೂ ಒಂದು ಕಾರ್ಡ್ ಬೇಕು

ಈ ಸಲದ ಬೆಳೆಯಲ್ಲಿ ಒಂದು ಪರೀಕ್ಷೆ ಮಾಡಿದೆ. ಡಾಂಬರು ರಸ್ತೆ ಪಕ್ಕದ ನಾಲ್ಕು ಸಾಲಿನ ಹಿಪ್ಪುನೇರಳೆ ಸೊಪ್ಪನ್ನು ಒಂದು ಸ್ಟ್ಯಾಂಡಿನ ಹುಳಕ್ಕೆ, ಬಾವಿ ಕಡೆ ಸೊಪ್ಪನ್ನು ಇನ್ನೊಂದಕ್ಕೆ ಹಾಕಿದೆ. ಒಂದೇ ಚಾಕಿ, ಒಂದೇ ಮನೆ, ಒಂದೇ ಕೈ. ರಸ್ತೆ ಸೊಪ್ಪು ತಿಂದ ಹುಳ ಮೂರನೇ ಜ್ವರದಿಂದ ಏಳೋದು ಒಂದು ದಿನ ತಡ ಆಯ್ತು. ಗೂಡೇನೋ ಕಟ್ಟಿತು, ಬೆರಳಲ್ಲಿ ಒತ್ತಿದ್ರೆ ಮೆತ್ತಗೆ. ಎರಡು ಲಾಟು ಬೇರೆ ಬೇರೆ ಇಟ್ಟೆ. ಕೆಜಿಗೆ 60 ರೂಪಾಯಿ ವ್ಯತ್ಯಾಸ.

ಒಂದು ಬೆಳೆ ನೋಡಿ ತೀರ್ಪು ಹೇಳೋಕಾಗಲ್ಲ, ಒಪ್ತೀನಿ. ಆದ್ರೆ ಕೇಳಿದಾಗಲೆಲ್ಲ ಸಿಗೋ ಉತ್ತರ ಒಂದೇ: "ಯಜಮಾನ್ರೆ, ನಿಮ್ ಸಾಕಣೆ ಸರಿಯಿಲ್ಲ."

ಧೂಳು ಎಲೆ ಮೇಲೆ ಕೂತು ಬೆಳಕು ತಡೆಯುತ್ತೆ. ಮಳೆ ಬಂದ್ರೆ ಬಹುಪಾಲು ತೊಳೆದುಹೋಗುತ್ತೆ. ಹೊಗೆ ಹಾಗಲ್ಲ, ಎಲೆ ಉಸಿರಾಡೋ ಸಣ್ಣ ರಂಧ್ರದಿಂದಲೇ ಒಳಗೆ ಹೋಗಿ ಸೇರಿಕೊಳ್ಳುತ್ತೆ. ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಸುಟ್ಟಾಗ ಅದರೊಳಗಿನ ಫ್ಲೋರೈಡ್ ಗಾಳಿಗೆ ಬರುತ್ತೆ. ಸೊಪ್ಪು ಅದನ್ನು ಕುಡಿದ್ರೂ ಹಸಿರಾಗೇ ಕಾಣುತ್ತೆ, ಏಟು ಬೀಳೋದು ತಿಂದ ಹುಳಕ್ಕೆ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ರೇಷ್ಮೆಯವರು 1980ರ ದಶಕದಲ್ಲಿ ಇದರಿಂದಲೇ ಬೆಳೆ ಕಳೆದುಕೊಂಡ್ರು.

ಈಗ ಯುರೋಪಿನ ಮಾತು. ಊಟಿ ಕಡೆ ಹೋದವರು ಪೈನ್ ಮರ ನೋಡಿರ್ತೀರಿ, ಎಲೆ ಸೂಜಿ ಥರ. ಅದೇ ಜಾತಿಗೆ ಹತ್ತಿರದ ಸ್ಪ್ರೂಸ್ ಅಲ್ಲಿನ ಕಾಡುಮರ. ಅದರ ಸೂಜಿ ಹಲವು ವರ್ಷ ಕೊಂಬೆ ಮೇಲೇ ಇರುತ್ತೆ, ಊರಿನ, ಕಾರ್ಖಾನೆಯ ಹೊಗೆಯಲ್ಲಿರೋ ಗಂಧಕ ಅದರಲ್ಲಿ ಕೂಡ್ತಾ ಹೋಗುತ್ತೆ. ಆಸ್ಟ್ರಿಯಾ ದೇಶದವರು 1983ರಿಂದ ವರ್ಷಾವರ್ಷ ಸೂಜಿ ಕಿತ್ತು ಪರೀಕ್ಷೆ ಮಾಡ್ತಾರೆ. 1984ರಲ್ಲಿ ನಿಯಮವನ್ನೇ ತಂದ್ರು: ಸ್ಪ್ರೂಸಿನ ಒಂದು ವರ್ಷದ ಸೂಜಿಯಲ್ಲಿ ಗಂಧಕ ಶೇ. 0.11, ಎರಡು ವರ್ಷದ್ದರಲ್ಲಿ ಶೇ. 0.14 ದಾಟಬಾರದು. ಅಂದ್ರೆ ಅಲ್ಲಿ ಎಲೆಯೇ ಸಾಕ್ಷಿ. ಕಾಡಿನ ಯಜಮಾನ "ನನ್ ಮರ ಸೊರಗ್ತಿದೆ" ಅಂತ ಬಾಯಲ್ಲಿ ಹೇಳಿಕೊಂಡು ಅಲೆಯೋ ಹಾಗಿಲ್ಲ, ಅಂಕಿ ತೋರಿಸಬಹುದು.

ನಮಗೆ 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಬಂತು. ಒಳ್ಳೇದೇ. ಆದ್ರೆ ಹುಳ ಮಣ್ಣು ತಿನ್ನಲ್ಲ, ಸೊಪ್ಪು ತಿನ್ನುತ್ತೆ. ಬೆಂಗಳೂರು ದಿನಕ್ಕೊಂದು ಹೆಜ್ಜೆ ನಮ್ಮ ತೋಟದ ಕಡೆ ಬರ್ತಾ ಇದೆ. ಗಾಳಿ ಅಳೆಯೋ ಯಂತ್ರ ಎಲ್ಲೋ ಸರ್ಕಲ್ಲಿನಲ್ಲಿ ನಿಂತಿರುತ್ತೆ. ಹೆದ್ದಾರಿ, ಭಟ್ಟಿ, ಕ್ರಷರ್ ಪಕ್ಕದ ಹಿಪ್ಪುನೇರಳೆ ತೋಟಗಳಲ್ಲಿ ವರ್ಷಕ್ಕೆರಡು ಸಲ ಸೊಪ್ಪು ಕಿತ್ತು ಫ್ಲೋರೈಡ್, ಗಂಧಕ, ಸೀಸ ನೋಡಲಿ. ಸೂಜಿ ಎಲೆ ಹಲವು ವರ್ಷದ ಲೆಕ್ಕದ ಪುಸ್ತಕ ಆದ್ರೆ, ನಮ್ಮ ಸೊಪ್ಪು ಎರಡು ತಿಂಗಳಿನದು. ಓದೋರು ಬೇಕು ಅಷ್ಟೆ. ಸೊಪ್ಪು ಚೆನ್ನಾಗಿದ್ರೆ ತಪ್ಪು ನಂದೇ ಅಂತ ಒಪ್ಕೊಂಡು ಸಾಕಣೆ ತಿದ್ಕೊಳ್ತೀನಿ. ಇಲ್ಲದಿದ್ರೆ ಪರಿಹಾರ ಕೇಳೋಕೆ ಕೈಯಲ್ಲೊಂದು ಕಾಗದ ಇರುತ್ತೆ.

ಮುಂದಿನ ಬೆಳೆಗೆ ಆ ನಾಲ್ಕು ಸಾಲು ಹುಳಕ್ಕೆ ಹಾಕಲ್ಲ. "ಹಸುಗಾದ್ರೂ ಹಾಕೋಣ" ಅಂದ್ಲು ಮನೆಯವಳು. ಹಾಕಬಹುದಾ? ಅದರಲ್ಲಿ ಏನಿದೆ ಅಂತ ಗೊತ್ತಿದ್ರೆ ತಾನೆ ಹೂಂ ಅನ್ನೋದು.